ಭಯವಿದ್ದಲ್ಲಿಗೆ ಕೊನೆಯ ವರ್ಷ

ಪಾದ್ರಿಗಳನ್ನು ತಯಾರು ಮಾಡುವ ದೇವಜ್ಞಾನ ಕಾಲೇಜಿನಲ್ಲಿ ಪಾಠ ಮಾಡುವವರನ್ನು ಜನ ಧೈರ್ಯವಂತರು ಅಂದುಕೊಳ್ಳುತ್ತಾರೆ. 'ಭಯಪಡಬೇಡಿರಿ' ಎಂದು ನಾವು ಹೇಳಿದಷ್ಟು ಸಲ ಬೇರೆ ಯಾವ ಕಸುಬಿನವರೂ ಹೇಳಿರಲಾರರು. ಆದರೆ ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಮಂಚ ಹತ್ತುವವಳು. ಅಂಥವಳಿಗೆ ಕೆಲಸ ಸಿಕ್ಕಿದ್ದು ಬಾಳ್ಳುಪೇಟೆಯಿಂದ ಒಳಕ್ಕೆ, ಕಾಫಿ ತೋಟಗಳ ನಡುವೆ ಗುಡ್ಡದ ಮೇಲಿದ್ದ ಒಂದು ಪುಟ್ಟ ಕಾಲೇಜಿನಲ್ಲಿ. ಕೆಲಸವೇನು ಅಂದರೆ, ಕೊನೆಯ ವರ್ಷದ ಮಕ್ಕಳನ್ನು ಹೊರಗೆ ಸೇವೆಗೆ ಕಳಿಸಿ, ಅವರು ವಾಪಸ್ ಬರುವ ತನಕ ದಾರಿ ಕಾಯುತ್ತಾ ಕೂರುವುದು.

ಈಗ ಆ ಕೆಲಸಕ್ಕೆ ಬರುವ ಹೊಸಬರು ಆಗಾಗ ಮನೆಗೆ ಬಂದು ಏನೇನು ಓದಬೇಕು ಮೇಡಂ ಅಂತ ಕೇಳುತ್ತಾರೆ. ಓದುವುದನ್ನು ಓದಿಕೊಳ್ಳಿ. ನಾನು ಹೇಳುವುದು ನಿಮಗೆ ಯಾರೂ ಹೇಳದ ಸಂಗತಿ. ಕೊನೆಯ ವರ್ಷದ ಆಯ್ಕೆ ಅನ್ನುವುದು ಹೊರಗಿನವರಿಗೆ ಒಂದು ಪಾಠಪಟ್ಟಿಯ ಮಾತು. ಒಳಗಿನವರಿಗೆ ಅದು ಒಂದು ಜೀವವನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವ ಪ್ರಶ್ನೆ.

ನಮ್ಮಲ್ಲಿ ದೇವಜ್ಞಾನ ಮತ್ತು ಸುವಾರ್ತಾಸೇವೆಯ ಪದವಿಯ ಕೊನೆಯ ವರ್ಷಕ್ಕೆ ಮೂರು ದಾರಿಗಳಿದ್ದವು. ಲೈಬ್ರರಿಯಲ್ಲಿ ಕೂತು ಪ್ರಬಂಧ ಬರೆಯುವುದು ಒಂದು. ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಪಕ್ಕ ಕೂತು ಸಂತೈಸುವ ಸೇವೆ ಇನ್ನೊಂದು. ಮೂರನೆಯದು ಎಸ್ಟೇಟ್ ಸೇವೆ. ಅಂದರೆ ಯಾವುದಾದರೂ ತೋಟದ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲೇ ಒಂದರಲ್ಲಿ ವಾಸವಿದ್ದು, ಅಲ್ಲಿನ ಕ್ರೈಸ್ತ ಕುಟುಂಬಗಳ ಸಣ್ಣ ಸಭೆಯನ್ನು ನೋಡಿಕೊಳ್ಳುವುದು. ಒಂದು ಸಲ ಒಂದನ್ನು ಹಿಡಿದ ಮೇಲೆ ನಡುವೆ ಬಿಡುವ ಹಾಗಿಲ್ಲ. ಬಿಟ್ಟರೆ ವರ್ಷ ಹೋಯಿತು, ವರ್ಷದ ಜೊತೆ ಪದವಿ ಹೋಯಿತು, ಪಾದ್ರಿಯಾಗಿ ದೀಕ್ಷೆ ಪಡೆಯುವ ಮಾತೂ ಹೋಯಿತು.

ಮಕ್ಕಳು ತಮಗೆ ಬೇಕಾದ್ದನ್ನು ಹೇಳುತ್ತಿದ್ದರು, ಆದರೆ ಕೊಡುತ್ತಿದ್ದವರು ಪ್ರಿನ್ಸಿಪಾಲ್ ಅಯ್ಯನವರು. ಅವರನ್ನು ಎಲ್ಲರೂ ಅಯ್ಯನವರು ಅಂತಲೇ ಕರೆಯುತ್ತಿದ್ದುದು. ಆರಡಿ ಆಳು, ಗಂಟೆಯಂಥ ದನಿ, ಪ್ರಾಮಾಣಿಕ ಮನುಷ್ಯ. ಅವರದೊಂದು ಪದ್ಧತಿಯಿತ್ತು. ಹುಡುಗನನ್ನು ಎದುರು ಕೂರಿಸಿಕೊಂಡು, 'ನಿನಗೆ ಯಾವುದರ ಭಯ?' ಎಂದು ಕೇಳುವರು. ಅವನು ಹೇಳಿದ ಭಯ ಎಲ್ಲಿದೆಯೋ ಅಲ್ಲಿಗೇ ಅವನ ಕೊನೆಯ ವರ್ಷ. 'ಭಯ ಇರುವ ಕಡೆಯೇ ಕರೆ ಇರ್ತದೆ' ಎಂಬುದು ಅವರ ನಂಬಿಕೆ. ಅವರ ಗುರುಗಳು ಅವರನ್ನು ಹಾಗೇ ಬೆಳೆಸಿದ್ದರಂತೆ. ಹೆದರಿದವರ ಮೇಲೆ ಹಾವು ಎಸೆದರು ಅಂತ ನಮ್ಮ ಕಡೆ ಗಾದೆಯಿದೆ. ಇವರು ಎಸೆಯುವ ಮುಂಚೆ ಪ್ರಾರ್ಥನೆ ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮಕ್ಕಳೇನು ದಡ್ಡರೇ? ಒಬ್ಬ ಮಹಾಶಯ, 'ಅಯ್ಯನವರೇ, ಪುಸ್ತಕದ ಕಪಾಟು ನೋಡಿದರೇ ನನಗೆ ಬೆವರು ಬರ್ತದೆ' ಅಂದ. ಅವರು ಕನಿಕರದಿಂದ ಅವನಿಗೆ ಲೈಬ್ರರಿಯನ್ನೇ ಕೊಟ್ಟರು. ವರ್ಷವಿಡೀ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ನಿದ್ದೆ ಮಾಡಿದ. ಅವನೀಗ ದೊಡ್ಡ ಸಭೆಯ ಪಾಲಕ, ಒಳ್ಳೆಯ ಪ್ರಸಂಗ ಮಾಡುತ್ತಾನೆ ಅಂತ ಕೇಳಿದ್ದೇನೆ. ಆದರೆ ವಿಮಲಾ ಎಂಬ ಹುಡುಗಿ ನಿಜ ಹೇಳಿದಳು. ರಕ್ತ ನೋಡಿದರೆ ತಲೆ ಸುತ್ತುತ್ತದೆ ಅಂದಳು. ಆಸ್ಪತ್ರೆಗೆ ಹೋದಳು. ಮೊದಲ ವಾರವೇ ಕಾಲು ಮುರಿದ ಲಾರಿ ಡ್ರೈವರನ ಮಂಚದ ಪಕ್ಕ ದಬಕ್ಕನೆ ಬಿದ್ದಳು. ಆ ಡ್ರೈವರು ಮಲಗಿದಲ್ಲಿಂದಲೇ ತನ್ನ ಮನೆದೇವರಿಗೆ ಕೈಮುಗಿದು, 'ಈ ಕೂಸನ್ನ ಕಾಪಾಡಪ್ಪ' ಅಂತ ಬೇಡಿಕೊಂಡನಂತೆ. ನಾನು ಹೋದಾಗ ಅವಳ ಹಣೆಗೆ ಹೊಲಿಗೆ ಹಾಕಿದ್ದರು. ಅವಳು ವರ್ಷ ಮುಗಿಸಿದಳು, ಆದರೆ ಇವತ್ತಿಗೂ ರಕ್ತ ನೋಡಿದರೆ ಅವಳಿಗೆ ತಲೆ ಸುತ್ತುತ್ತದೆ. ಇದನ್ನು ಅಯ್ಯನವರಿಗೆ ಹೇಳಿದರೆ, 'ಆದರೂ ನಿಂತಳಲ್ಲ' ಎಂದರು.

ತೊಂಬತ್ತರ ದಶಕದ ಮೊದಲಿಗೆ ನಾವು ಹಾರ್ಮೋನಿಯಂ ಹಿಡಿದು ಸಂತೆಗಳಲ್ಲಿ ಸುವಾರ್ತೆಯ ಹಾಡು ಹಾಡುತ್ತಿದ್ದೆವು. ಬರಬರುತ್ತಾ ಕಾಲ ಬದಲಾಯಿತು. ಮಾರನಹಳ್ಳಿಯ ರಸ್ತೆ ಬದಿಯಲ್ಲಿ ಒಂದು ದಿನ ಹಾಡು ಶುರುಮಾಡಿದ್ದೆವು. ಕೆಲವರು ಬೈಕು ನಿಲ್ಲಿಸಿ ನಮ್ಮ ಚೀಲ ಕಸಿದು ಬುಡಮೇಲು ಮಾಡಿದರು. ಟೀ ಅಂಗಡಿಯ ಯಜಮಾನ, ಹಣೆ ತುಂಬ ವಿಭೂತಿ ಹಚ್ಚಿದ್ದವನು, ಬಂದು ನಡುವೆ ನಿಂತ. 'ಹೆಣ್ಮಕ್ಳವ್ರೆ ಕಣ್ರೋ, ಬುಡಿ. ಮೇಡಮ್ಮೋರೆ, ನೀವೂ ಆ ಪೆಟ್ಗೆ ಮುಚ್ಚಿ, ಟೀ ಕುಡ್ದು ಬಸ್ ಹತ್ತಿ' ಅಂದ. ಕುಡಿದು ಹತ್ತಿದೆವು. ಅಂದಿನಿಂದ ಕರೆದ ಕಡೆಗೆ ಮಾತ್ರ ಹೋಗುವುದು ಅಂತ ಆಯಿತು. ನನಗಂತೂ ಆ ನಿಯಮ ಬಹಳ ಹಿಡಿಸಿತು.

ಇಷ್ಟು ಪೀಠಿಕೆ ಯಾಕೆ ಅಂದರೆ, ಶಾಂತಕುಮಾರನ ವಿಷಯಕ್ಕೆ ಬರಲು ನನಗೆ ಈಗಲೂ ಅಳುಕು.

ಶಾಂತಕುಮಾರ ಆಲೂರು ಕಡೆಯ ಹುಡುಗ. ಹೈಸ್ಕೂಲಿನಲ್ಲಿದ್ದಾಗ ಅವನ ಅಪ್ಪ ಬೆಳಿಗ್ಗೆ ಗದ್ದೆಗೆ ಹೋದವನು ಆನೆಯ ಕಾಲಿಗೆ ಸಿಕ್ಕು ಸತ್ತಿದ್ದ. ದೇಹವನ್ನು ಮೊದಲು ನೋಡಿದ್ದು ಇವನೇ. ಅವ್ವ ತೋಟದಲ್ಲಿ ಕಾಫಿ ಹಣ್ಣು ಬಿಡಿಸಿ ಇವನನ್ನು ಓದಿಸಿದ್ದಳು. ಹುಡುಗ ಬುದ್ಧಿವಂತ, ಹೀಬ್ರೂ ಭಾಷೆಯನ್ನು ಸರಾಗ ಓದುತ್ತಿದ್ದ. ಆದರೆ ಕತ್ತಲಾದ ಮೇಲೆ ಹಾಸ್ಟೆಲಿನಿಂದ ಊಟದ ಮನೆಗೂ ಒಬ್ಬನೇ ಬರುತ್ತಿರಲಿಲ್ಲ. ಉಳಿದ ಹುಡುಗರು ಅವನ ಕಿಟಕಿಯ ಕೆಳಗೆ ನಿಂತು ಆನೆ ಘೀಳಿಟ್ಟಂತೆ ಕೂಗಿ ನಗುವರು. ನಾಳೆ 'ಕುರುಬನು ಕುರಿಗಳನ್ನು ಕಾಯುವನು' ಅಂತ ಪ್ರಸಂಗ ಮಾಡಬೇಕಾದವರ ಚಾಳಿ ಇದು. ಎಷ್ಟು ಬೈದರೂ ನಾಯಿ ಬಾಲ ಡೊಂಕೇ.

ಆಯ್ಕೆಯ ದಿನ ಅವನು ಪ್ರಬಂಧ ಕೇಳಿದ. ಅಯ್ಯನವರು ತಮ್ಮ ಪ್ರಶ್ನೆ ಕೇಳಿದರು. ಸುಳ್ಳು ಹೇಳೋ ಮಾರಾಯ ಅಂತ ಪಕ್ಕದಲ್ಲಿ ಕೂತಿದ್ದ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ತಲೆ ತಗ್ಗಿಸಿ, 'ಆನೆ ಕಂಡ್ರೆ ಭಯ ಅಯ್ಯನವರೇ' ಅಂದ.

ನಾನು ಅಲ್ಲೇ ಎದ್ದು ವಿರೋಧಿಸಿದೆ. ಇದು ಭಯವಲ್ಲ, ಗಾಯ, ಗಾಯಕ್ಕೆ ಕೈ ಹಾಕಬೇಡಿ ಎಂದೆ. ಅಯ್ಯನವರು ನನ್ನ ಮಾತನ್ನು ಕೊನೆಯ ತನಕ ಕೇಳಿ, ಮೃದುವಾಗಿಯೇ, 'ಇವನು ನಾಳೆ ಎಲ್ಲಿಗೆ ಹೋದರೂ ಈ ಭಯವನ್ನ ಹೊತ್ತುಕೊಂಡೇ ಹೋಗ್ತಾನೆ. ಇಲ್ಲೇ ಇಳಿಸಿ ಹೋಗಲಿ' ಅಂದರು. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟು ಅವನಿಗೆ ಬಂತು. ಘಾಟಿನ ಕಾಡು ತೋಟಕ್ಕೆ ತಾಗಿದ್ದ ಜಾಗ.

ವಾರಕ್ಕೊಮ್ಮೆ ಹೋಗಿ ನೋಡಿ ಬರುವುದು ನನ್ನ ಪಾಲಿಗೆ ಬಂತು. ಬಸ್ಸಿಳಿದು ತೋಟದ ಗೇಟಿನಿಂದ ಲೈನಿನವರೆಗೆ ಮಣ್ಣುದಾರಿ. ಎರಡೂ ಬದಿ ಕಾಫಿ ಗಿಡ, ಮೇಲೆ ಸಿಲ್ವರ್ ಮರ, ಹತ್ತು ಮಾರು ಆಚೆ ಏನಿದೆ ಅಂತ ಕಾಣದು. ದಾರಿಯಲ್ಲಿ ಆನೆಯ ಬಿಸಿ ಲದ್ದಿ ಕಂಡರೆ ಅಲ್ಲೇ ನಿಂತುಬಿಡುತ್ತಿದ್ದೆ. ಕೀರ್ತನೆ ಹೇಳಿಕೊಂಡು ಹೋಗೋಣ ಅಂದರೆ ಅದಕ್ಕೆ ಕೇಳಿಸೀತು ಅಂತ ಭಯ, ಸುಮ್ಮನೆ ಹೋಗೋಣ ಅಂದರೆ ನಾನು ಬರುವುದು ಅದಕ್ಕೆ ಗೊತ್ತಾಗದೆ ಎದುರಾದೀತು ಅಂತ ಭಯ. ಅರ್ಧ ದಾರಿ ಹಾಡಿ ಅರ್ಧ ದಾರಿ ಬಾಯಿ ಮುಚ್ಚುತ್ತಿದ್ದೆ.

ಲೈನಿನ ಸಭೆಯ ಹಿರಿಯಳು ಎಲಿಸಬೇತಮ್ಮ. ಹಲ್ಲೆಲ್ಲ ಉದುರಿದ್ದ, ಮಾತು ಮಾತ್ರ ಉದುರದ ಮುದುಕಿ. ಅಲ್ಲಿ ಯಾರೂ ಆನೆ ಅನ್ನುವುದಿಲ್ಲ, ದೊಡ್ಡೋರು ಅನ್ನುತ್ತಾರೆ. ಮೊದಲ ಸಲ ಅಲ್ಲಿ ಪ್ರಾರ್ಥನೆಗೆ ಕೂತಾಗ ಒಂದು ಹೊಸ ಪದ್ಧತಿ ಕಂಡೆ. ಎಲ್ಲರೂ ಕಣ್ಣು ಮುಚ್ಚಿದಾಗ ಒಬ್ಬರು ಮಾತ್ರ ಬಾಗಿಲಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಪ್ರತಿ ಸಲ ಒಬ್ಬೊಬ್ಬರ ಸರದಿ.

'ಎಲ್ಲಾರೂ ಒಟ್ಟಿಗೆ ಕಣ್ಮುಚ್ಚಂಗಿಲ್ಲ ಮೇಡಮ್ಮ ಇಲ್ಲಿ. ಪ್ರಾರ್ಥ್ನೆ ಮಾಡೋವಾಗ್ಲೆ ದೊಡ್ಡೋರು ಬಂದ್ಬುಟ್ರೆ?' ಎಂದಳು ಎಲಿಸಬೇತಮ್ಮ.

'ದೇವರಿಗೆ ಬೇಜಾರಾಗಲ್ವೇನಮ್ಮ?'

'ಕಣ್ಣು ಕೊಟ್ಟೋನು ಅವ್ನೇ ಅಲ್ವ್ರಾ.'

ಶಾಂತಕುಮಾರ ದಿನವೂ ಆ ಸರದಿಯನ್ನು ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದ. ಬಾಯಲ್ಲಿ ಪ್ರಾರ್ಥನೆ, ಕಣ್ಣು ತೋಟದ ಮೇಲೆ. ತಿಂಗಳುಗಳು ಕಳೆದರೂ ಅವನ ಭಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಸೊರಗಿದ್ದ. ಮಲಗಿದರೆ ಅಪ್ಪ ಕಾಣುತ್ತಾನೆ ಮೇಡಂ ಅಂದಿದ್ದ. ಅದನ್ನು ಅಯ್ಯನವರಿಗೆ ವರದಿ ಮಾಡಿದಾಗಲೆಲ್ಲ ಅವರು, 'ಸ್ವಲ್ಪ ತಾಳಿ' ಎನ್ನುತ್ತಿದ್ದರು.

ಬೆಳೆ ಹಬ್ಬ ಬಂತು. ನಮ್ಮ ಸಭೆಗಳಲ್ಲಿ ಆ ಹಬ್ಬಕ್ಕೆ ಮೊದಲ ಫಲವನ್ನು ದೇವರ ಮುಂದೆ ತಂದು ಇಡುತ್ತಾರೆ. ಭತ್ತದ ತೆನೆ, ಬಾಳೆಗೊನೆ, ಕಬ್ಬು, ಕುಂಬಳಕಾಯಿ, ಯಾರಲ್ಲಿ ಏನಿದೆಯೋ ಅದು. ಶನಿವಾರ ಸಂಜೆ ಶೃಂಗಾರ ಮತ್ತು ಪ್ರಾರ್ಥನೆ, ಭಾನುವಾರ ಆರಾಧನೆ ಆದ ಮೇಲೆ ಆ ಫಲಗಳ ಹರಾಜು. ಆ ವರ್ಷ ಅಯ್ಯನವರೇ ಬಂದರು, ಶಾಂತಕುಮಾರ ಹೇಗಿದ್ದಾನೆ ಅಂತ ಕಣ್ಣಾರೆ ನೋಡಲು. ನಾನೂ ಜೊತೆಗಿದ್ದೆ.

ಪ್ರಾರ್ಥನಾಮಂದಿರ ಅಂದರೆ ಮಣ್ಣಿನ ಗೋಡೆ, ಹೆಂಚಿನ ಮಾಡು, ಎದುರಿಗೆ ಪೀಠ, ಪೀಠದ ಪಕ್ಕ ಮರದ ಸರಳಿನ ಒಂದು ಕಿಟಕಿ. ಹಿಂದಿನ ಬಾಗಿಲಿನಿಂದ ಅಂಗಳ ದಾಟಿದರೆ ಎಸ್ಟೇಟಿನ ಸ್ಟೋರ್, ಕಲ್ಲಿನ ಕಟ್ಟಡ. ಬಾಳೆಗೊನೆಗಳನ್ನೆಲ್ಲ ಆ ಕಿಟಕಿಯ ಬಳಿಯೇ ಕಟ್ಟಿದ್ದರು. ತೋಟದ ಲೆಕ್ಕ ನೋಡುವ ರೈಟರ್ ಬಸವರಾಜು ಬಾಗಿಲಿಗೆ ಬಂದು ಇಣುಕಿ, 'ಸಾಮಿ, ದೊಡ್ಡೋರು ಇಲ್ಲೇ ಹಳ್ಳದ ತಾವ ಅವ್ರಂತೆ. ಗೊನೆ, ಕಬ್ಬು ಎಲ್ಲಾನೂ ಸ್ಟೋರ್‌ನಾಗೆ ಇಟ್ಬುಡಿ, ಬೆಳಿಗ್ಗೆ ತಗಳ್ಳಿ. ಬೀಗದಕೈ ನನ್ ತಾವೇ ಐತೆ' ಎಂದ. ಶಾಂತಕುಮಾರ ಆಸೆಯಿಂದ ಅಯ್ಯನವರ ಮುಖ ನೋಡಿದ. 'ಪೀಠದ ಮುಂದೆ ಇಟ್ಟದ್ದನ್ನು ಮತ್ತೆ ಎತ್ತುವ ಹಾಗಿಲ್ಲ' ಅಂದರು ಅವರು. ನಾನು ಏನೋ ಹೇಳಲು ಹೋದೆ. ಕೈಯೆತ್ತಿ ತಡೆದರು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಜನ ಮೊಣಕಾಲೂರಿದರು. ಅಯ್ಯನವರು ಪ್ರಾರ್ಥನೆಗೆ ಕೈ ಚಾಚಿದವರು, ಬಾಗಿಲಲ್ಲಿ ಕಣ್ಣು ಬಿಟ್ಟು ನಿಂತಿದ್ದ ಶಾಂತಕುಮಾರನನ್ನು ಕಂಡರು.

'ಅಲ್ಲೇನು ನೋಡ್ತಿದ್ದೀಯ?'

ಎಲಿಸಬೇತಮ್ಮ ಉತ್ತರ ಕೊಟ್ಟಳು. 'ಅದು ನಮ್ ಪದ್ಧತಿ ಅಯ್ನೋರೆ.'

'ದೇವರ ಸನ್ನಿಧಿಯಲ್ಲಿ ಕಾವಲುಗಾರ ಬೇಕೇ? ಕಣ್ಣು ಮುಚ್ಚಿ ಇಲ್ಲಿ ಬಾ, ನನ್ನ ಪಕ್ಕ' ಎಂದರು. ಅವನು ಬಂದು ಪೀಠದ ಬಳಿ ಮೊಣಕಾಲೂರಿ ಕಣ್ಣು ಮುಚ್ಚಿದ. ಅವನ ರೆಪ್ಪೆಗಳು ಅದುರುತ್ತಿದ್ದವು. ಬಾಗಿಲು ಖಾಲಿಯಾಯಿತು.

ಅಯ್ಯನವರ ಪ್ರಾರ್ಥನೆ ಉದ್ದ. ಸಭೆಗಾಗಿ ಆಯಿತು, ದೇಶಕ್ಕಾಗಿ ಆಯಿತು, ರೋಗಿಗಳಿಗಾಗಿ ಆಗುತ್ತಿತ್ತು. ಅಷ್ಟರಲ್ಲಿ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು, ಹಳೆಯ ಕೊಟ್ಟಿಗೆಯ ಹಾಗೆ, ಅದಕ್ಕಿಂತ ಘಾಟು. ಕಣ್ಣು ಬಿಟ್ಟೆ. ಕಿಟಕಿಯ ಬೆಳಕು ಇರಲಿಲ್ಲ. ಕಿಟಕಿ ತುಂಬ ಬೂದು ಬಣ್ಣದ ಸುಕ್ಕು ಚರ್ಮ. ಸರಳಿನ ನಡುವೆ ಸೊಂಡಿಲು ನಿಧಾನಕ್ಕೆ ಒಳಗೆ ಬಂದು ಮೊದಲ ಗೊನೆಯನ್ನು ಮುಟ್ಟಿ ನೋಡಿತು. ಅಯ್ಯನವರ ಭುಜಕ್ಕೂ ಅದಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಲೇ ಇದ್ದರು.

ಶಾಂತಕುಮಾರ ಕಣ್ಣು ಬಿಟ್ಟಿದ್ದ. ಪ್ರಾರ್ಥನೆ ಮುಗಿಯುವ ಧಾಟಿಗೆ ಬರುತ್ತಿತ್ತು. ಮುಗಿದರೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಆಮೆನ್ ಅನ್ನುತ್ತಾರೆ, ಆ ಕೂಗಿಗೆ ಅದು ಬೆದರಿ ಗೋಡೆಯನ್ನೇ ನುಗ್ಗುತ್ತದೆ. ಅದು ನನಗೆ ಹೊಳೆಯುವ ಮುಂಚೆ ಅವನಿಗೆ ಹೊಳೆದಿತ್ತು. ಅಯ್ಯನವರ ನಿಲುವಂಗಿಯ ಅಂಚು ಹಿಡಿದು, ಉಸಿರಿನಲ್ಲೇ, 'ಆಮೆನ್ ಅನ್ಬೇಡಿ ಅಯ್ಯನವರೇ. ಹಿಂಗೇ ಮಾತಾಡ್ತಾ ಇರಿ. ದನಿ ಏರಿಸ್ಬೇಡಿ' ಎಂದ.

ಅವರು ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದರು. ಆಮೇಲೆ ಮಾತಾಡುತ್ತಾ ಹೋದರು. ಬೇಡಿಕೆಗಳು ಮುಗಿದಿದ್ದವು, ಸೃಷ್ಟಿಯ ಕಥೆ ಹಿಡಿದರು. ಬೆಳಕು ಮಾಡಿದೆ ಕರ್ತನೇ, ಆಕಾಶ ಮಾಡಿದೆ ಕರ್ತನೇ. ಅದೇ ಏಕದನಿಯ ಮರೆಯಲ್ಲಿ ಶಾಂತಕುಮಾರ ಕೈಸನ್ನೆ ಮಾಡಿದ, ಜನ ಒಬ್ಬೊಬ್ಬರಾಗಿ ಎದ್ದು ಹಿಂದಿನ ಬಾಗಿಲಿನಿಂದ ಸ್ಟೋರಿಗೆ ಸರಿದರು. ಅಷ್ಟರಲ್ಲಿ ಆನೆಯನ್ನು ಕಂಡಿದ್ದ ಬಸವರಾಜು ಅದರ ಬಾಗಿಲು ತೆರೆದು ನಿಂತಿದ್ದ. ತಾಯಂದಿರು ಮಕ್ಕಳ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಾನು ಎಲಿಸಬೇತಮ್ಮನ ರಟ್ಟೆ ಹಿಡಿದು ನಡೆಸಿದೆ ಅಂತ ಬರೆಯಲು ಆಸೆ. ನಿಜವಾಗಿ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ನೋಡಿದೆ. ಒಳಗೆ ಇಬ್ಬರೇ ಉಳಿದಿದ್ದರು. ಅಯ್ಯನವರು ಮೃಗಗಳ ಸೃಷ್ಟಿಗೆ ಬಂದಿದ್ದರು, ಅಲ್ಲಿ ಆ ಗಂಟೆಯಂಥ ದನಿ ಒಡೆಯಿತು.

ಆನೆ ಗೊನೆಯನ್ನು ಎಳೆಯಿತು. ಹಗ್ಗದ ಜೊತೆ ಕಿಟಕಿಯ ಚೌಕಟ್ಟು ಬಂತು, ಚೌಕಟ್ಟಿನ ಜೊತೆ ಗೋಡೆ. ಹೆಂಚು ಸುರಿಯಿತು. ಆ ಧೂಳಿನಿಂದ ಶಾಂತಕುಮಾರ ಅಯ್ಯನವರನ್ನು ನಿಲುವಂಗಿ ಹಿಡಿದು ದರದರ ಎಳೆದುಕೊಂಡು ಬಂದ. ತೊಲೆಯೊಂದು ಬಡಿದು ಅವರ ಭುಜದ ಮೂಳೆ ಮುರಿದಿತ್ತು. ಬಸವರಾಜು ಸ್ಟೋರಿನ ಬಾಗಿಲು ಹಾಕಿ ಒಳಗಿನಿಂದ ಅಡ್ಡಪಟ್ಟಿ ಕೂರಿಸಲು ಹೋದರೆ ಅವನ ಕೈಗೆ ಅದು ಕೂರಲೇ ಇಲ್ಲ. ಬೇರೊಬ್ಬರು ಹಾಕಿದರು.

ಕಾಫಿ ಚೀಲಗಳ ಮಧ್ಯೆ ಎಲ್ಲರೂ ಒತ್ತಿಕೊಂಡು ಕೂತೆವು. ಹೊರಗೆ ಅದು ಕಬ್ಬು ಮುರಿದು ತಿನ್ನುವ ಶಬ್ದ ಕೇಳುತ್ತಿತ್ತು. ಶಾಂತಕುಮಾರನ ಪ್ಯಾಂಟು ಒದ್ದೆಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಎಲಿಸಬೇತಮ್ಮ ತನ್ನ ಕಂಬಳಿಯನ್ನು ಅವನಿಗೆ ಹೊದೆಸಿ, 'ನಡುಗ್ಲಿ ಬುಡು ಮಗ, ನಾವೂ ನಡುಗ್ತಾನೇ ಇದೀವಿ' ಅಂದಳು.

ಆನೆ ಹೋದ ಮೇಲೆ ಎಸ್ಟೇಟಿನ ಜೀಪಿನಲ್ಲಿ ನಮ್ಮನ್ನು ಕಳಿಸಿದರು. ಶಾಂತಕುಮಾರನೂ ನಮ್ಮ ಜೊತೆ ಬಂದ. ಬಂದವನು ಹಾಸ್ಟೆಲಿನ ಕೋಣೆ ಬಿಟ್ಟು ಹೊರಬರಲಿಲ್ಲ.

ವಾರದಲ್ಲಿ ಅಧ್ಯಾಪಕರ ಸಭೆ ಸೇರಿತು, ಶಾಂತಕುಮಾರನನ್ನೂ ಕರೆಸಿದ್ದರು. ಅಯ್ಯನವರು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಬಂದಿದ್ದರು. ಅವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. 'ದೇವರು ನನ್ನನ್ನು ಈ ಹುಡುಗನ ಕೈಯಿಂದ ಉಳಿಸಿದ. ಇವನ ಭಯ ಬಿಟ್ಟುಹೋಯಿತು. ಈ ಭಾನುವಾರ ಸಭೆಯಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಿ, ಉಳಿದ ತಿಂಗಳುಗಳನ್ನೂ ಅಲ್ಲೇ ಮುಗಿಸಲಿ' ಎಂದರು.

ಶಾಂತಕುಮಾರ ಎದ್ದು ನಿಂತ. ಅಂಥ ಮಾತು ಅವನ ಬಾಯಿಂದ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

'ಬಿಟ್ಟುಹೋಗಿಲ್ಲ ಅಯ್ಯನವರೇ. ಆನೆ ಭಯ ಹಂಗೇ ಐತೆ. ಮೊದ್ಲು ಅದೊಂದೇ ಇತ್ತು. ಈಗ ನಿಮ್ಮನ್ನ ಕಂಡ್ರೂ ಭಯ ಆಗ್ತದೆ.'

ನಾನು ಎದ್ದು, ಇವನಿಗೆ ವರ್ಷ ಕಳೆಯದ ಹಾಗೆ ದಾರಿ ಬದಲಿಸಿಕೊಡಿ, ಇಲ್ಲದಿದ್ದರೆ ಈ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಅಯ್ಯನವರು ತಮ್ಮ ಕಟ್ಟಿದ ಕೈಯನ್ನು ನೋಡಿಕೊಂಡರು. ಆಮೇಲೆ, 'ಲೈಬ್ರರಿಗೆ ಹಾಕಿ. ವರ್ಷ ಹೋಗುವುದು ಬೇಡ' ಎಂದು ಎದ್ದು ಹೋದರು. ಆ ಪ್ರಶ್ನೆಯನ್ನು ಅವರು ಆಮೇಲೆ ಯಾವ ಹುಡುಗನನ್ನೂ ಕೇಳಿದ್ದು ನಾನು ಕಂಡಿಲ್ಲ. ನನಗೆ ಅವರ ಮೇಲೆ ಇದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಇಟ್ಟುಕೊಂಡಿದ್ದೇನೆ.

ಒಂದು ವಾರ ಅವ್ವನ ಹತ್ತಿರ ಇದ್ದು ಬಾ, ಬಂದ ಮೇಲೆ ಪ್ರಬಂಧ ಶುರುಮಾಡು ಎಂದು ಅವನನ್ನು ಬಸ್ಸಿಗೆ ಹತ್ತಿಸಲು ನಾನೇ ಬಾಳ್ಳುಪೇಟೆಗೆ ಹೋದೆ. ಎಷ್ಟೋ ತಿಂಗಳ ಮೇಲೆ ನನ್ನ ಎದೆ ಹಗುರವಾಗಿತ್ತು. ಅವನಿಗೆ ದಾರಿಗೆ ಬನ್ನು ಕೊಡಿಸಿದೆ. ಆಲೂರು ಕಡೆಯ ಬಸ್ಸಿಗೆ ಹೈವೇಯ ಈ ಬದಿಯಲ್ಲಿ ನಿಲ್ಲಬೇಕು, ಸಕಲೇಶಪುರದ ಕಡೆಗಾದರೆ ಆ ಬದಿಯಲ್ಲಿ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಸ್ವಲ್ಪ ತೆರವಾದಾಗ ಅವನು ಚೀಲ ಹೆಗಲಿಗೇರಿಸಿ ರಸ್ತೆ ದಾಟಿಬಿಟ್ಟ.

ನಾನು ಹಿಂದೆಯೇ ಓಡಿದೆ. 'ಎಲ್ಲಿಗೋ? ನಿನ್ನ ಬಸ್ಸು ಆ ಕಡೆ.'

'ಹೆಗ್ಗದ್ದೆಗೆ ಮೇಡಂ. ಉಳಿದ ವರ್ಷ ಅಲ್ಲೇ ಮುಗಿಸ್ತೀನಿ.'

'ತಲೆ ಕೆಟ್ಟಿದೆಯಾ? ಭಯ ಹೋಯಿತೇನು?'

'ಇಲ್ಲ ಮೇಡಂ.' ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. 'ಅಲ್ಲಿ ಎಲ್ಲಾರಿಗೂ ಭಯ ಐತೆ. ನಾನು ಹೆದ್ರಿದ್ರೆ ಅಲ್ಲಿ ಯಾರೂ ನಗಲ್ಲ.'

ಬಸ್ಸು ಬಂತು, ಹತ್ತಿದ. ಇವನಿಗಾಗಿ ಕೆಲಸವನ್ನೇ ಪಣಕ್ಕಿಟ್ಟೆನಲ್ಲ ಅಂತ ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಬಸ್ಸು ಕಣ್ಮರೆಯಾಗುವ ತನಕ ಬೈಯುತ್ತಲೇ ನಿಂತಿದ್ದೆ. ಆಮೇಲೆ ಬನ್ನು ಕೊಡಿಸಿದ್ದ ಅಂಗಡಿಗೆ ಹೋಗಿ, ಮುಂದಿನ ವಾರ ಹೆಗ್ಗದ್ದೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡೆ.